ಬೆಣ್ಣಿಹಳ್ಳವನ್ನು ನೆಟ್ಟಗೆ ಮಾಡಿದರೆ ನೀರು ಎಲ್ಲಿಗೆ ಹೋಗುತ್ತದೆ?

ಬೆಣ್ಣಿಹಳ್ಳ ಉಕ್ಕಿದ ವರ್ಷಗಳಲ್ಲಿ ಕುಂದಗೋಳ, ನವಲಗುಂದ, ರೋಣ ತಾಲೂಕುಗಳಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, ‘ಹಳ್ಳ ದಾರಿ ಬಿಟ್ಟು ಹೊಲಕ್ಕೆ ನುಗ್ಗಿದೆ’. ಇನ್ನೊಂದು, ‘ಈ ಹಳ್ಳವನ್ನು ಅಗಲ ಮಾಡಿ, ನೆಟ್ಟಗೆ ಮಾಡಿ, ನೀರು ಸೀದಾ ಹೋಗಲಿ’. ಹೆಸರು, ಈರುಳ್ಳಿ, ಹತ್ತಿ ಕೈಗೆ ಬರುವ ಹೊತ್ತಿಗೆ ಹೊಲದಲ್ಲಿ ನೀರು ನಿಂತರೆ ಯಾರಾದರೂ ಹೀಗೇ ಕೇಳುತ್ತಾರೆ. ಆದರೆ ಅಗಲ ಮಾಡುವುದು ಬೇರೆ, ನೆಟ್ಟಗೆ ಮಾಡುವುದು ಬೇರೆ. ಒಂದೇ ಮನವಿ ಪತ್ರದಲ್ಲಿ ಎರಡನ್ನೂ ಸೇರಿಸಿ ಬರೆದು ಬರೆದು, ಅವು ಒಂದೇ ಕೆಲಸ ಅನ್ನಿಸಿಬಿಟ್ಟಿದೆ. ನನ್ನ ಪ್ರಕಾರ ಅಗಲ ಮಾಡುವುದು ಬಹಳ ಕಡೆ ಬೇಕೇ ಬೇಕು. ನೆಟ್ಟಗೆ ಮಾಡುವುದು ಮಾತ್ರ ಮೇಲಿನ ಊರಿನ ಕಷ್ಟವನ್ನು ಕೆಳಗಿನ ಊರಿಗೆ ಸಾಗಿಸುವ ಕೆಲಸ. ಯಾಕೆ ಅಂತ ತಿಳಿಯಬೇಕಾದರೆ, ಹಳ್ಳ ಸೊಟ್ಟಗೆ ಯಾಕೆ ಹರಿಯುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಬೆಣ್ಣಿಹಳ್ಳ ಹುಟ್ಟುವುದು ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ದುಂಡಶಿ ಕಡೆ. ಅಲ್ಲಿಂದ ಉತ್ತರಕ್ಕೆ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳನ್ನು ದಾಟಿ, ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ ಮಲಪ್ರಭೆಗೆ ಸೇರುತ್ತದೆ. ಹುಬ್ಬಳ್ಳಿ-ಧಾರವಾಡ ಇರುವ ಜಾಗವೇ ವಿಚಿತ್ರ. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ತಿರುಗಿ, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬೆಣ್ಣಿಹಳ್ಳಕ್ಕೆ ಬಿದ್ದ ಮಳೆ ಮಲಪ್ರಭೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಶಾಲ್ಮಲೆಯ ನೀರಿಗೆ ಸಮುದ್ರ ಹತ್ತಿರ, ಇಳಿಜಾರು ಜಾಸ್ತಿ. ದಾರಿಯಲ್ಲಿ ಮಾಗೋಡಿನಂಥ ಜಲಪಾತವೂ ಇದೆ. ಬೆಣ್ಣಿಹಳ್ಳದ ಪಾಲಿಗೆ ಬಂದಿರುವುದು ಎರೆ ಸೀಮೆಯ, ಅಂದರೆ ಕಪ್ಪು ಮಣ್ಣಿನ, ಸಪಾಟು ನೆಲ. ಕೆಳಗೆ ಹೋದಂತೆ ಇಳಿಜಾರು ಕಡಿಮೆ, ಮಣ್ಣು ಆಳ. ನೀರು ಸುತ್ತಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಯಾವ ಹಳ್ಳವೂ ಸ್ಕೇಲು ಇಟ್ಟು ಎಳೆದ ಗೆರೆಯಂತೆ ಶುರುವಾಗುವುದಿಲ್ಲ. ಎಲ್ಲೋ ಒಂದು ಗಟ್ಟಿ ನೆಲ, ಬಿದ್ದ ಮರ, ಕುಸಿದ ದಂಡೆ ಇರುತ್ತದೆ. ಅಲ್ಲಿ ನೀರು ಸ್ವಲ್ಪ ಒಂದು ಕಡೆಗೆ ವಾಲುತ್ತದೆ. ವಾಲಿದ ಕಡೆ ದಂಡೆ ಕೊರೆಯುತ್ತದೆ. ಕೊರೆದಷ್ಟೂ ತಿರುವು ಜಾಸ್ತಿ, ತಿರುವು ಜಾಸ್ತಿಯಾದಷ್ಟೂ ಕೊರೆತ ಜಾಸ್ತಿ. ಒಮ್ಮೆ ಶುರುವಾದರೆ ತಾನೇ ತಾನಾಗಿ ಬೆಳೆಯುತ್ತ ಹೋಗುತ್ತದೆ. ಇಷ್ಟು ಶಾಲೆಯಲ್ಲೇ ಓದಿರುತ್ತೇವೆ. ಶಾಲೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಪ್ರಶ್ನೆ ಬೇರೆ ಇದೆ. ಹೊರದಂಡೆ ಕೊರೆದರೆ ಕೊರೆಯಲಿ, ಒಳದಂಡೆಯಲ್ಲಿ ಉಸುಕು ಬಂದು ಯಾಕೆ ಕೂರುತ್ತದೆ? ಬರೀ ಹೊರಗಡೆ ಕೊರೆಯುತ್ತಿದ್ದರೆ ಹಳ್ಳ ಅಗಲವಾಗುತ್ತ ಹೋಗಬೇಕಿತ್ತು, ಜಾಗ ಬದಲಿಸಬಾರದಿತ್ತು, ಅಲ್ವಾ?

ಇದಕ್ಕೆ ಬಹಳ ಸರಳವಾದ ಉತ್ತರ ಕೊಟ್ಟವರು ಆಲ್ಬರ್ಟ್ ಐನ್‌ಸ್ಟೈನ್. 1926ರಲ್ಲಿ ಅವರು ನದಿಗಳ ತಿರುವಿನ ಬಗ್ಗೆಯೇ ಒಂದು ಸಣ್ಣ ಪ್ರಬಂಧ ಬರೆದರು, ವಿವರಣೆಗೆ ಚಹಾದ ಲೋಟ ಬಳಸಿಕೊಂಡರು. ಚಹಾ ಎಲೆಯ ಚೂರುಗಳಿರುವ ಲೋಟವನ್ನು ಚಮಚದಿಂದ ಗರಗರ ತಿರುಗಿಸಿ ಬಿಡಿ. ಚೂರುಗಳು ಅಂಚಿಗೆ ಹೋಗಬೇಕು ಅನ್ನಿಸುತ್ತದೆ. ಆದರೆ ತಳದ ನಡುವೆ ಬಂದು ಗುಡ್ಡೆಯಾಗುತ್ತವೆ. ತಿರುಗುವ ನೀರು ಹೊರಗಡೆಗೆ ಒತ್ತಿಕೊಂಡು ಅಂಚಿನಲ್ಲಿ ತುಸು ಏರಿರುತ್ತದೆ. ತಳದಲ್ಲಿ ಲೋಟಕ್ಕೆ ಉಜ್ಜುವ ನೀರು ನಿಧಾನ. ಅದಕ್ಕೆ ಹೊರಗೆ ಒತ್ತುವ ಬಲ ಇಲ್ಲ. ಹಾಗಾಗಿ ಅಂಚಿನಲ್ಲಿ ಏರಿದ ನೀರಿನ ಒತ್ತಡ ಅದನ್ನು ನಡುವಿಗೆ ತಳ್ಳುತ್ತದೆ. ಮೇಲೆ ಹೊರಗಡೆಗೆ, ಕೆಳಗೆ ಒಳಗಡೆಗೆ, ಹೀಗೆ ನೀರು ಸುತ್ತುತ್ತದೆ.

ಹೊಳೆಯ ತಿರುವಿನಲ್ಲೂ ಇದೇ ನಡೆಯುತ್ತದೆ. ಮೇಲಿನ ವೇಗದ ನೀರು ಹೊರದಂಡೆಗೆ ಬಡಿದು, ಅದರ ಬುಡಕ್ಕೆ ಇಳಿದು, ತಳದ ಉಸುಕನ್ನು ಎಳೆದುಕೊಂಡು ಒಳದಂಡೆಯ ಕಡೆಗೆ ಹತ್ತುತ್ತದೆ. ಮುಂದಕ್ಕೂ ಹರಿಯುತ್ತಿರುವುದರಿಂದ ಅದರ ದಾರಿ ಸುರುಳಿಯಾಗುತ್ತದೆ. ಹೊರದಂಡೆಯ ಬುಡದಲ್ಲಿ ಮಡುವು, ಒಳದಂಡೆಯಲ್ಲಿ ಉಸುಕಿನ ದಿಬ್ಬ. ಹೊಳೆಸಾಲಿನ ಊರುಗಳಲ್ಲಿ ಮಕ್ಕಳಿಗೆ ಎಲ್ಲಿ ಈಜಬೇಡಿ ಅಂತ ಹೇಳುತ್ತಾರೋ ಅಲ್ಲಿ ನೋಡಿದರೆ ಬಹಳ ಸಲ ಇಂಥ ಹೊರದಂಡೆಯೇ ಇರುತ್ತದೆ. ಕೊರೆತ ಅತಿ ಜೋರಾಗಿರುವುದು ತಿರುವಿನ ತುದಿಯಲ್ಲಲ್ಲ, ಅದನ್ನು ದಾಟಿ ಸ್ವಲ್ಪ ಕೆಳಗೆ. ಹಾಗಾಗಿ ತಿರುವು ಬರೀ ಹಿಗ್ಗುವುದಿಲ್ಲ, ನಿಧಾನವಾಗಿ ಕೆಳಗಿನ ಊರಿನ ಕಡೆ ಜರುಗುತ್ತದೆ ಕೂಡ.

ದಂಡೆ ಕೊರೆದಾಗ ಮೊದಲ ಜಗಳ ಎದುರು ದಂಡೆಯವರ ಜೊತೆ. ‘ನಮ್ಮ ಮಣ್ಣು ಹೋಗಿ ಅವರ ಹೊಲ ಬೆಳೆಯಿತು’ ಅನ್ನುವ ಮಾತು. ನೋಡುವುದಕ್ಕೆ ಹಾಗೇ ಕಾಣುತ್ತದೆ. ಆದರೆ 1940ರ ದಶಕದಲ್ಲಿ ಅಮೆರಿಕದ ವಿಕ್ಸ್‌ಬರ್ಗ್‌ನಲ್ಲಿ ಉಸುಕಿನ ಹಾಸಿನ ಮೇಲೆ ಸಣ್ಣ ನದಿಗಳನ್ನು ಹರಿಸಿ ನೋಡಿದಾಗ ಬೇರೆಯೇ ಗೊತ್ತಾಯಿತು. ಕೊರೆದ ಉಸುಕು ಬಹುಪಾಲು ಎದುರು ದಂಡೆಗೆ ದಾಟುವುದಿಲ್ಲ. ಅದೇ ಬದಿಯಲ್ಲಿ, ಕೆಳಗಿನ ಮುಂದಿನ ತಿರುವಿನ ಒಳದಂಡೆಯಲ್ಲಿ ಕೂರುತ್ತದೆ. ಎದುರಿನವನ ಹೊಲಕ್ಕೆ ಬಂದ ಉಸುಕು ಮೇಲಿನ ತಿರುವಿನದು. ಜಗಳ ಆಡಲೇಬೇಕಾದರೆ ಸ್ವಲ್ಪ ಮೇಲೆ ನಡೆದುಕೊಂಡು ಹೋಗಬೇಕು!

ಎರೆ ಮಣ್ಣಿನ ಕಥೆ ಇನ್ನೂ ಬೇರೆ. ಅದು ಉಸುಕಿನಂತೆ ತಳದಲ್ಲಿ ಉರುಳುವುದಿಲ್ಲ, ನೀರಿನಲ್ಲಿ ಕರಗಿ ಕೆಸರಾಗಿ ತೇಲುತ್ತದೆ. ಒಂದಿಷ್ಟು ಹೊಲಗಳ ಮೇಲೆ ಕೂತರೂ, ಬಹಳಷ್ಟು ಮಲಪ್ರಭೆ ಹಿಡಿದು ಕೂಡಲಸಂಗಮ ದಾಟಿ ನಾರಾಯಣಪುರದ ಬಸವಸಾಗರದ ಹೂಳಿಗೆ ಸೇರುವ ಮಣ್ಣು. ನವಲಗುಂದದ ರೈತ ಕಳೆದುಕೊಂಡಿದ್ದು ಯಾರ ಹೊಲಕ್ಕೂ ಬರುವುದಿಲ್ಲ.

ಎರೆ ದಂಡೆ ಕುಸಿಯುವ ರೀತಿಯೂ ಬೇರೆ. ಬೇಸಿಗೆಯಲ್ಲಿ ಈ ಮಣ್ಣು ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಮಳೆ ಬಂದಾಗ ನೀರು ಕುಡಿದು ಉಬ್ಬುತ್ತದೆ. ಹಳ್ಳ ತುಂಬಿ ಹರಿಯುವಾಗ ಎದುರಿನ ನೀರೇ ದಂಡೆಯನ್ನು ಒತ್ತಿ ಹಿಡಿದಿರುತ್ತದೆ. ಹಳ್ಳ ದಿಢೀರ್ ಅಂತ ಇಳಿದಾಗ ಆ ಆಸರೆ ಹೋಗುತ್ತದೆ. ದಂಡೆಯೊಳಗಿನ ನೀರು ಮಾತ್ರ ಹಾಗೇ ಉಳಿದು ಭಾರವಾಗಿರುತ್ತದೆ. ಆಗ ಹಳೇ ಬಿರುಕಿನ ಗೆರೆ ಹಿಡಿದು ದೊಡ್ಡ ದೊಡ್ಡ ಹೆಂಟೆಯಾಗಿ ಕುಸಿದು ಬೀಳುತ್ತದೆ. ಹೀಗಾಗಿ ಎಷ್ಟೋ ಸಲ ಜಮೀನು ಹೋಗುವುದು ಪ್ರವಾಹದ ದಿನವಲ್ಲ, ಮಾರನೆಯ ದಿನ, ಅದರ ಮಾರನೆಯ ದಿನ. ಕ್ಯಾಮೆರಾಗಳು ವಾಪಸ್ ಹೋದ ಮೇಲೆ. ಹಳ್ಳ ಇಳಿದಿದೆ ಅಂತ ದಂಡೆಯಂಚಿಗೆ ದನ ಕಟ್ಟುವುದು, ಪಂಪ್‌ಸೆಟ್ ನೋಡಲು ಹೋಗುವುದು ಅಪಾಯ ಅನ್ನುವುದೂ ಇದಕ್ಕೇ.

ಹಾಗಾದರೆ ನಮ್ಮ ಕಡೆಯ ಎಲ್ಲ ಹೊಳೆಗಳೂ ಹೀಗೆ ಅಲೆದಾಡುತ್ತವೆಯೇ? ಇಲ್ಲ. ಸಾಕ್ಷಿ ಬೇಕಾದರೆ ಹಾವೇರಿ ಜಿಲ್ಲೆಯ ದೇವಸ್ಥಾನಗಳನ್ನು ನೋಡಿ. ವರದಾ ತುಂಗಭದ್ರೆಗೆ ಕೂಡುವ ಗಳಗನಾಥದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ ಇವತ್ತಿಗೂ ಹೊಳೆಯ ದಂಡೆಯಲ್ಲೇ ಇದೆ. ಚೌಡದಾನಪುರದ ಮುಕ್ತೇಶ್ವರನೂ ಹಾಗೇ. ಇನ್ನೂ ಹಿಂದೆ ಹೋದರೆ ಮಲಪ್ರಭೆಯ ದಂಡೆಯ ಪಟ್ಟದಕಲ್ಲು 8ನೇ ಶತಮಾನದ್ದು. ಹೊಳೆ ಉತ್ತರಕ್ಕೆ ತಿರುಗುವ ಜಾಗ ಅಂತಲೇ ಅದಕ್ಕೆ ಹೆಚ್ಚಿನ ಪುಣ್ಯ. ಆ ತಿರುವು ಸಾವಿರದ ಇನ್ನೂರು ವರ್ಷಗಳ ನಂತರವೂ ಅಲ್ಲೇ ಇದೆ. ಕಾರಣ ಕಲ್ಲು. ಬಾದಾಮಿ ಕಡೆ ಮಲಪ್ರಭೆ ಮರಳುಗಲ್ಲಿನ ಗುಡ್ಡಗಳ ನಡುವೆ ಹರಿಯುತ್ತದೆ. ತುಂಗಭದ್ರೆಗೂ ಬಹಳ ಕಡೆ ಬಂಡೆಯ ತಳ ಇದೆ. ಬಂಡೆಯನ್ನು ಕೊರೆದು ತಿರುವು ಜರುಗಬೇಕಾದರೆ ನಮ್ಮ ಇತಿಹಾಸದ ಲೆಕ್ಕ ಸಾಲದು.

ಬಿಹಾರದ ಕೋಸಿಯ ಉದಾಹರಣೆ ತಂದು ನಮ್ಮಲ್ಲಿ ಹೆದರಿಸುವವರಿದ್ದಾರೆ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಒಡ್ಡು ಒಡೆದು, ಕೋಸಿ ನೂರು ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ ಹಳೇ ಪಾತ್ರಗಳಲ್ಲಿ ನುಗ್ಗಿತು. ಆದರೆ ಅದು ಹಿಮಾಲಯದ ಹೂಳು ಹೊತ್ತ ನದಿ. ಒಡ್ಡುಗಳ ನಡುವೆ ಹೂಳು ತುಂಬಿ ತುಂಬಿ ಅದರ ತಳವೇ ಸುತ್ತಲಿನ ನೆಲಕ್ಕಿಂತ ಮೇಲೇರಿತ್ತು. ತುಂಗಭದ್ರೆಯಾಗಲೀ ಮಲಪ್ರಭೆಯಾಗಲೀ ರಾತ್ರೋರಾತ್ರಿ ಹಾಗೆ ಹಾರುವ ನದಿಗಳಲ್ಲ. ನಮ್ಮಲ್ಲಿ ತೊಂದರೆ ಇರುವುದು ಎರಡು ಬಂಡೆ ಸೀಮೆಗಳ ನಡುವಿನ ಮಣ್ಣಿನ ಬಯಲಿನಲ್ಲಿ: ಬೆಣ್ಣಿಹಳ್ಳ, ತುಪ್ಪರಿಹಳ್ಳ, ನರಗುಂದ-ರೋಣದ ಕಡೆಯ ಮಲಪ್ರಭೆ, ಹಾನಗಲ್ಲ-ಹಾವೇರಿ ಕಡೆಯ ವರದಾ. ಇಲ್ಲಿ ಹೋಗುವುದು ವರ್ಷಕ್ಕೆ ಗುಂಟೆ ಲೆಕ್ಕದ ಜಮೀನು. ಸಣ್ಣ ಸುದ್ದಿ, ಆದರೆ ಎರಡು ಎಕರೆ ಇರುವವನಿಗೆ ಸಣ್ಣದಲ್ಲ.

ಈಗ ನೆಟ್ಟಗೆ ಮಾಡುವ ಮಾತಿಗೆ ಬರೋಣ. ಸುಮ್ನೆ ಒಂದು ಲೆಕ್ಕ ಇಟ್ಟುಕೊಳ್ಳಿ. ಸೊಟ್ಟಸೊಟ್ಟಗೆ 20 ಕಿ.ಮೀ. ಹರಿಯುವ ಹಳ್ಳ ಅಷ್ಟು ದೂರದಲ್ಲಿ 10 ಮೀಟರ್ ಇಳಿಯುತ್ತದೆ. ಅಂದರೆ ಕಿಲೋಮೀಟರಿಗೆ ಅರ್ಧ ಮೀಟರ್. ಜೆಸಿಬಿ ಹಚ್ಚಿ ಅದನ್ನು 12 ಕಿ.ಮೀ. ಮಾಡಿದರೆ ಇಳಿತ ಅಷ್ಟೇ, ದಾರಿ ಮಾತ್ರ ಕಡಿಮೆ. ಕಿಲೋಮೀಟರಿಗೆ 83 ಸೆಂಟಿಮೀಟರ್ ಆಯಿತು. ನೀರು ಜೋರಾಗುತ್ತದೆ. ಆ ಊರಿನವರಿಗೆ ಮೊದಲ ವರ್ಷ ಸಂತೋಷವೇ. ನಂತರ ಜೋರಾದ ನೀರು ತಳವನ್ನು ಕೆತ್ತುತ್ತದೆ. ಆ ಕೆತ್ತನೆ ಮೇಲ್ಮುಖವಾಗಿ ಹತ್ತುತ್ತ ಹೋಗುತ್ತದೆ. ಸೇತುವೆಗಳ ಬುಡ ಬಯಲಾಗುತ್ತದೆ. ತಳ ಆಳವಾದಂತೆ ದಂಡೆಗಳು ಎತ್ತರವಾಗುತ್ತವೆ, ಎರೆ ದಂಡೆ ಎತ್ತರವಾದಷ್ಟೂ ಬೇಗ ಕುಸಿಯುತ್ತದೆ. ಕೆಳಗಡೆಯ ಊರಿಗೆ ಎರಡು ದಿನ ಹಂಚಿಕೊಂಡು ಬರುತ್ತಿದ್ದ ನೀರು ಒಂದೇ ರಾತ್ರಿ ಬರುತ್ತದೆ.

ಬೆಣ್ಣಿಹಳ್ಳಕ್ಕೆ ಇನ್ನೊಂದು ತೊಡಕೂ ಇದೆ. ಅದರ ಬಾಯಿ ತೆರೆಯುವುದು ಮಲಪ್ರಭೆಗೆ. ಮಲಪ್ರಭೆ ತುಂಬಿದ್ದರೆ ಹಳ್ಳದ ನೀರಿಗೆ ಒಳಗೆ ಹೋಗಲು ಜಾಗವಿಲ್ಲ, ಹಿಂದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಮೇಲಿನಿಂದ ಎಷ್ಟು ಬೇಗ ನೀರು ತಂದು ಅಲ್ಲಿ ಸುರಿದರೂ ರೋಣ ತಾಲೂಕಿನ ಹೊಲಗಳ ಮೇಲೆ ಹರಡಿಕೊಳ್ಳುವುದೇ ಅದರ ಹಣೆಬರಹ. ಕುಂದಗೋಳದಲ್ಲಿ ಉಳಿದದ್ದು ರೋಣದಲ್ಲಿ ಹೋಯಿತು, ಅಷ್ಟೇ.

ಇದನ್ನು ಮಾಡಿ ನೋಡಿ ಪಶ್ಚಾತ್ತಾಪ ಪಟ್ಟವರಿದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿ ಕಿಸಿಮಿ ಎಂಬ ನದಿ 166 ಕಿ.ಮೀ. ಸುತ್ತಿಕೊಂಡು ಹರಿಯುತ್ತಿತ್ತು. ಪ್ರವಾಹ ತಡೆಯಲು 1962ರಿಂದ 1971ರ ನಡುವೆ ಅದನ್ನು 90 ಕಿ.ಮೀ. ಉದ್ದದ ನೇರ ಕಾಲುವೆ ಮಾಡಿದರು. ಜೌಗು ಒಣಗಿತು, ಹಕ್ಕಿ, ಮೀನು ಹೋದವು, ಕೆಳಗಿನ ಒಕೀಚೋಬಿ ಸರೋವರಕ್ಕೆ ಹೊಲಸು ಸೀದಾ ಹೋಗತೊಡಗಿತು. 1999ರಿಂದ ಅದೇ ಕಾಲುವೆಯ ಒಂದಷ್ಟು ಭಾಗವನ್ನು ಮಣ್ಣು ಹಾಕಿ ಮುಚ್ಚಿ, ಹಳೇ ತಿರುವುಗಳಿಗೆ ನೀರು ಬಿಡುವ ಕೆಲಸ ಶುರುವಾಯಿತು. ಮುಗಿದದ್ದು 2021ರಲ್ಲಿ. ಅಗೆಯುವುದಕ್ಕೆ ಒಂಬತ್ತು ವರ್ಷ, ಒಂದು ಭಾಗವನ್ನಷ್ಟೇ ಸರಿ ಮಾಡುವುದಕ್ಕೆ ಎರಡು ದಶಕ. ದುಡ್ಡಿರುವ ದೇಶ, ಮಾಡಿಕೊಂಡರು.

ಹಾಗಂತ ಹಳ್ಳವನ್ನು ಮುಟ್ಟಲೇಬಾರದು ಅಂತ ನಾನು ಹೇಳುತ್ತಿಲ್ಲ. ನದಿಯ ಅಗಲಕ್ಕೂ ತಿರುವಿನ ಗಾತ್ರಕ್ಕೂ ಒಂದು ಲೆಕ್ಕ ಇದೆ. ಮಣ್ಣಿನ ಬಯಲಿನಲ್ಲಿ ಒಂದು ಪೂರ್ತಿ ಸುತ್ತು, ಅಂದರೆ ಎಡಕ್ಕೆ ಹೋಗಿ ಬಲಕ್ಕೆ ಬಂದು ಮತ್ತೆ ಎಡಕ್ಕೆ ತಿರುಗುವವರೆಗಿನ ದೂರ, ಸಾಮಾನ್ಯವಾಗಿ ಪಾತ್ರದ ಅಗಲದ 10ರಿಂದ 14 ಪಟ್ಟು ಇರುತ್ತದೆ. 30 ಮೀಟರ್ ಅಗಲದ ಹಳ್ಳಕ್ಕೆ 300ರಿಂದ 420 ಮೀಟರ್. ನೀರು ಜಾಸ್ತಿಯಾದರೆ ಪಾತ್ರ ಅಗಲವಾಗುತ್ತದೆ, ಅಗಲವಾದರೆ ತಿರುವುಗಳೂ ದೊಡ್ಡವಾಗುತ್ತವೆ. ಹುಬ್ಬಳ್ಳಿ ಬೆಳೆಯುತ್ತಿದೆ. ಕಾಂಕ್ರೀಟ್ ರಸ್ತೆ, ಲೇಔಟ್, ಮುಚ್ಚಿಹೋದ ಕೆರೆ, ಇವೆಲ್ಲದರ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗದೆ ಹಳ್ಳಕ್ಕೆ ಬರುತ್ತದೆ. ಬರುವ ನೀರು ಜಾಸ್ತಿ, ಬಿಟ್ಟಿರುವ ಜಾಗ ಕಡಿಮೆ. ಅದಕ್ಕೇ ಅಗಲ ಬೇಕು ಅನ್ನುವುದು. ಸೇತುವೆಗಳ ಕಣ್ಣು ದೊಡ್ಡದಾಗಬೇಕು. ಹಳ್ಳಕ್ಕೆ ಅಡ್ಡವಾಗಿ ಎತ್ತರಿಸಿ ಹಾಕಿದ ರಸ್ತೆಗಳ ಕೆಳಗೆ ಪೈಪು ಸಾಲದು. ಎತ್ತರಿಸಿದ ರಸ್ತೆ ಅಂದರೆ ಯಾರೂ ಒಡ್ಡು ಅಂತ ಕರೆಯದ ಒಡ್ಡು.

ಮಲಪ್ರಭೆಯದು ಉಲ್ಟಾ ಕಥೆ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಆಯಿತು. 37.73 ಟಿಎಂಸಿ ಹಿಡಿಯುವ ಜಲಾಶಯ ತುಂಬದ ವರ್ಷಗಳೇ ಜಾಸ್ತಿ. ಕೆಳಗೆ ಹೊಳೆಗೆ ನೀರಿಲ್ಲ, ಮೇಲಿನ ಉಸುಕೂ ಜಲಾಶಯದಲ್ಲೇ ನಿಂತಿತು. ದೊಡ್ಡ ನೀರು ಬಾರದ ಹೊಳೆಯ ಪಾತ್ರದಲ್ಲಿ ಜಾಲಿ ಬೆಳೆಯಿತು, ಜಾಲಿಯ ಬುಡದಲ್ಲಿ ಹೂಳು ನಿಂತಿತು, ಹೂಳಿನ ಮೇಲೆ ಕಬ್ಬು, ಗೋವಿನಜೋಳ ಬಂತು. ಹೊಳೆ ಕಿರಿದಾಯಿತು. ಯಾರೋ ಒಬ್ಬರು ಒತ್ತುವರಿ ಮಾಡಿದರು ಅನ್ನುವುದಕ್ಕಿಂತ, ಖಾಲಿ ಬಿದ್ದ ಜಾಗಕ್ಕೆ ಎಲ್ಲರೂ ಒಂದೊಂದು ಸಾಲು ಮುಂದೆ ಬಂದರು ಅನ್ನಬೇಕು. 2009ರಲ್ಲಿ, ಆಮೇಲೆ 2019ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ ಗೇಟು ತೆರೆದಾಗ ನೀರಿಗೆ ತನ್ನ ಹಳೇ ಅಗಲವೇ ಬೇಕಾಯಿತು. ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಕಡೆಯ ಜನ ಮನೆ ಬಿಟ್ಟು ಓಡಬೇಕಾಯಿತು. ಕಳಸಾ-ಬಂಡೂರಿ ನೀರು ಬೇಕು ಅಂತ ವರ್ಷಗಟ್ಟಲೆ ರಸ್ತೆಯಲ್ಲಿ ಕೂತ ತಾಲೂಕುಗಳೇ ಇವು. ಒಂದೇ ಹೊಳೆ ಬರಕ್ಕೂ ಕಾರಣ, ನೆರೆಗೂ ಕಾರಣ.

ಬಯಲಿನ ಹೊಳೆಗಳ ಇನ್ನೊಂದು ಸ್ವಭಾವ ಇಲ್ಲಿ ನೆನಪಿಡಬೇಕು. ತಿರುವು ಬೆಳೆದು ಬೆಳೆದು ಅದರ ಎರಡು ತುದಿ ಹತ್ತಿರ ಬಂದಾಗ, ಒಂದು ದೊಡ್ಡ ನೀರಿಗೆ ನಡುವಿನ ಕಿರಿದಾದ ನೆಲ ಕಡಿದುಹೋಗುತ್ತದೆ. ಹೊಳೆ ಅಡ್ಡದಾರಿ ಹಿಡಿಯುತ್ತದೆ. ಹಳೇ ತಿರುವು ಬಿಲ್ಲಿನಾಕಾರದ ಕೆರೆಯಾಗಿ, ಆಮೇಲೆ ಜೌಗಾಗಿ, ಆಮೇಲೆ ಒಳ್ಳೇ ಹೊಲವಾಗಿ ಉಳಿಯುತ್ತದೆ. ನೆಲ ಮಾತ್ರ ತಗ್ಗೇ. ಮುಂದಿನ ನೆರೆಯಲ್ಲಿ ನೀರು ಮೊದಲು ಹೊಕ್ಕುವುದು ಅಲ್ಲಿಗೇ. ಮನೆ ಕಟ್ಟಲು, ಲೇಔಟ್ ಮಾಡಲು ಇಂಥ ಜಾಗ ಸಿಕ್ಕಿದರೆ ಅಗ್ಗ ಅಂತ ಕೊಳ್ಳಬೇಡಿ.

ಉಸುಕಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರಿಗೂ ಗೊತ್ತಿರುವುದೇ. ರಾಣೆಬೆನ್ನೂರಿನಿಂದ ಮುಂಡರಗಿವರೆಗೆ ತುಂಗಭದ್ರೆಯ ದಂಡೆಯಲ್ಲಿ ಉಸುಕು ಅಂದರೆ ದುಡ್ಡು. 2016ರ ಕೇಂದ್ರದ ಮಾರ್ಗಸೂಚಿ ಪ್ರಕಾರ 3 ಮೀಟರಿಗಿಂತ ಆಳ ತೆಗೆಯುವಂತಿಲ್ಲ. ದಂಡೆಯಿಂದ ನದಿಯ ಅಗಲದ ಕಾಲು ಭಾಗದಷ್ಟು ದೂರ, ಕನಿಷ್ಠ ಏಳೂವರೆ ಮೀಟರ್ ಬಿಡಬೇಕು. ಮಳೆಗಾಲದಲ್ಲಿ ಕೈ ಹಾಕುವಂತಿಲ್ಲ. ಈ ನಿಯಮದ ಹಿಂದೆ ಮೇಲೆ ಹೇಳಿದ ಕೊರೆತದ ಲೆಕ್ಕವೇ ಇದೆ. ತಳದಲ್ಲಿ ಗುಂಡಿ ಬಿದ್ದರೆ ನೀರು ಅದನ್ನು ತುಂಬಲು ಮೇಲಿನ ತಳವನ್ನೂ ಪಕ್ಕದ ದಂಡೆಯನ್ನೂ ಕೆತ್ತಿ ತರುತ್ತದೆ. ಲಾರಿಯಲ್ಲಿ ಹೋದ ಉಸುಕಿನ ಬೆಲೆ ದಂಡೆಯ ಹೊಲದವರು ಕಟ್ಟುತ್ತಾರೆ.

ಆ ಹೊಲದವರಿಗೆ ಸಿಗುವುದೇನು? 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಹೊರಡಿಸಿದ ವಿಪತ್ತು ಪರಿಹಾರದ ಮಾನದಂಡದಲ್ಲಿ ಭೂಕುಸಿತ, ಹಿಮಕುಸಿತದ ಜೊತೆಗೆ ‘ನದಿ ದಿಕ್ಕು ಬದಲಿಸಿ ಜಮೀನು ಹೋದರೆ’ ಅಂತಲೂ ಸಾಲು ಇದೆ. ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 19,000. ಬೆಳೆ ಹೋದದ್ದಕ್ಕಲ್ಲ, ಜಮೀನೇ ಹೋದದ್ದಕ್ಕೆ! ಹೊಲದ ಮೇಲೆ 3 ಇಂಚಿಗಿಂತ ದಪ್ಪ ಉಸುಕು, ಹೂಳು ಕೂತರೆ ತೆಗೆಸಲು ಹೆಕ್ಟೇರಿಗೆ 18,000. ಮೊತ್ತ ಕಡಿಮೆ ಅನ್ನುವುದಕ್ಕಿಂತ ದೊಡ್ಡ ತೊಂದರೆ, ಇದೆಲ್ಲ ಒಂದೇ ಏಟಿಗೆ ಆದ ಅನಾಹುತಕ್ಕೆ ಬರೆದದ್ದು. ವರ್ಷಕ್ಕೆ ಎರಡು ಗುಂಟೆಯಂತೆ ಇಪ್ಪತ್ತು ವರ್ಷದಲ್ಲಿ ಒಂದು ಎಕರೆ ಕಳೆದುಕೊಂಡವನು ಯಾವ ವರ್ಷದ ನೆರೆ ಅಂತ ಅರ್ಜಿಯಲ್ಲಿ ಬರೆಯಬೇಕು? ಉತಾರದಲ್ಲಿ (ಪಹಣಿಯಲ್ಲಿ) ಅವನ ನಾಲ್ಕು ಎಕರೆ ನಾಲ್ಕಾಗಿಯೇ ಇದೆ. ಅಣ್ಣತಮ್ಮಂದಿರು ಪಾಲಾಗುವ ದಿನ ಒಬ್ಬನ ಪಾಲಿಗೆ ಹಳ್ಳದೊಳಗಿನ ಎಕರೆ ಬರುತ್ತದೆ.

ಹಳೇ ಕಾಲದವರಿಗೆ ಇದು ಗೊತ್ತಿತ್ತು. ಧಾರವಾಡ ಜಿಲ್ಲೆ ಬಾಂಬೆ ಪ್ರಾಂತ್ಯದಲ್ಲಿದ್ದಾಗಿನ 1879ರ ಕಂದಾಯ ಕಾಯ್ದೆಯಲ್ಲಿ, ನದಿ ಕೊಚ್ಚಿದ ಜಮೀನಿಗೆ ಕಂದಾಯ ಬಿಡುವುದಕ್ಕೂ, ನದಿ ತಂದುಹಾಕಿದ ಹೊಸ ನೆಲ ಯಾರಿಗೆ ಸೇರಬೇಕು ಎಂಬುದಕ್ಕೂ ಬೇರೆ ಬೇರೆ ಕಲಮುಗಳಿದ್ದವು. ಹೊಳೆ ಜರುಗುತ್ತದೆ ಅಂತ ಒಪ್ಪಿಕೊಂಡೇ ಕಾಯ್ದೆ ಬರೆದಿದ್ದರು. ಈಗ ನಕಾಶೆಯ ಗೆರೆಯೇ ಹೊಳೆ ಅಂದುಕೊಂಡಿದ್ದೇವೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಹಳ್ಳದ ದಂಡೆಯಲ್ಲಿ ನಿಂತರೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದೀಚಿನ ಉಪಗ್ರಹ ಚಿತ್ರಗಳು ಬಿಟ್ಟಿಯಾಗಿ ಸಿಗುತ್ತವೆ. ಸಣ್ಣ ಹಳ್ಳ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ, ಆದರೆ ಮಲಪ್ರಭೆ, ತುಂಗಭದ್ರೆ ಕಾಣುತ್ತವೆ. ಸರ್ವೆ ನಕಾಶೆಯನ್ನೂ ಉಪಗ್ರಹ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಒಬ್ಬ ಡಿಗ್ರಿ ವಿದ್ಯಾರ್ಥಿ ಮಾಡಬಲ್ಲ.

ಹಾಗಾಗಿ ಮನವಿ ಪತ್ರ ಕೊಡುವವರಿಗೆ ನನ್ನ ಸಲಹೆ ಇಷ್ಟು. ‘ನೆಟ್ಟಗೆ ಮಾಡಿ’ ಎಂಬ ಸಾಲು ಹೊಡೆದುಹಾಕಿ. ಅದರ ಜಾಗದಲ್ಲಿ, ಕಂದಾಯ ಮತ್ತು ನೀರಾವರಿ ಇಲಾಖೆ ಜಂಟಿಯಾಗಿ ಸರ್ವೆ ಮಾಡಲಿ ಅಂತ ಬರೆಯಿರಿ. ದುಂಡಶಿಯಿಂದ ಮಲಪ್ರಭೆ ಕೂಡುವವರೆಗೆ ಹಳ್ಳ ಈಗ ಎಲ್ಲಿದೆ, ಅದರ ತಿರುವುಗಳು ಎಲ್ಲಿಯವರೆಗೆ ಜರುಗಬಲ್ಲವು, ಹಾಗೆ ಜರುಗಬಲ್ಲ ನೆಲದಲ್ಲಿ ಯಾರ ಯಾರ ಸರ್ವೆ ನಂಬರ್ ಇವೆ, ಎಷ್ಟು ಜಮೀನು ಆಗಲೇ ಹೋಗಿದೆ. ಆ ನೆಲದೊಳಗೆ ಹೊಸ ಕಟ್ಟಡಕ್ಕೆ ಪರವಾನಗಿ ಬೇಡ. ಹೋದ ಜಮೀನನ್ನು ಉತಾರದಲ್ಲಿ ಕಳೆದು, ಅದಕ್ಕೆ ಸ್ವಾಧೀನದ ದರದಲ್ಲಿ ದುಡ್ಡು ಕೊಡಲಿ. ಸರ್ವೆಗೆ ಏಪ್ರಿಲ್, ಮೇ ಒಳ್ಳೆಯದು. ಜೂನಿನ ಮಳೆ ಬಿದ್ದ ಮೇಲೆ ಎರೆ ಹೊಲದಲ್ಲಿ ಕಾಲು ಕೀಳುವುದಕ್ಕೇ ಆಗುವುದಿಲ್ಲ, ಸರ್ವೆಯವರು ಬರುವುದೂ ಇಲ್ಲ.